ಜಾಣ ಪೆಟ್ಟಿಗೆಯ ಅಜ್ಞಾನ

ತನಗೆ ತಿಳಿಯದ್ದನ್ನು ‘ತಿಳಿಯದು’ ಎಂದು ಒಪ್ಪಿಕೊಳ್ಳುವುದು ಲೋಕದಲ್ಲಿ ಬಹಳ ಕಷ್ಟದ ಕೆಲಸ. ‘ಅದರಲ್ಲಿ ಹುರುಳಿಲ್ಲ’ ಎಂದುಬಿಡುವುದು ಎಷ್ಟೋ ಸುಲಭ. ಈ ಗುಣ ಪಂಡಿತರಿಗೂ ವಿಮರ್ಶಕರಿಗೂ ಮೀಸಲಾದದ್ದೆಂದು ಯಾರಾದರೂ ತಿಳಿದಿದ್ದರೆ, ಅವರು ಒಮ್ಮೆ ನಮ್ಮ ಓಣಿಗೆ ಬಂದು, ಗೋಡೆಗೆ ತೂಗುಹಾಕಿರುವ ಟಿ.ವಿ.ಯ ಮುಂದೆ ಕುಳಿತುಕೊಳ್ಳಬೇಕು. ಅದರ ಹೆಸರೇ ‘ಸ್ಮಾರ್ಟ್’, ಎಂದರೆ ಜಾಣ. ಪೆನ್‌ಡ್ರೈವನ್ನು ಅದರ ಬೆನ್ನಿಗೆ ಚುಚ್ಚಿ, ಒಂದು ವಿಡಿಯೋ ಫೈಲನ್ನು ತೋರಿಸಿ, ‘ಹಾಕಪ್ಪಾ’ ಎಂದರೆ, ಅದು ಒಂದು ಗಳಿಗೆ ಯೋಚಿಸಿದಂತೆ ನಟಿಸಿ ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತದೆ: ‘ಈ ಫೈಲು ಸರಿಯಿಲ್ಲ.’ ತನಗೆ ಓದಲು ಬಾರದು ಎಂಬ ಮಾತು ಅದರ ಬಾಯಿಂದ ಹೊರಡುವುದು ಅಪರೂಪ. ನಾವೋ, ಇಂಗ್ಲಿಷಿನಲ್ಲಿ ಬಂದ ತೀರ್ಪಿಗೆ ಮೇಲ್ಮನವಿ ಮಾಡುವ ಅಭ್ಯಾಸವಿಲ್ಲದವರು, ಸುಮ್ಮನೆ ಒಪ್ಪಿಬಿಡುತ್ತೇವೆ.

ನಮ್ಮ ಕಿತ್ತೂರು ದೊಡ್ಡ ಊರಲ್ಲ. ಧಾರವಾಡಕ್ಕೂ ಬೆಳಗಾವಿಗೂ ನಡುವೆ, ಹೆದ್ದಾರಿಯ ಮಗ್ಗುಲಿಗೆ, ಒಂದು ಹಾಳು ಕೋಟೆಯನ್ನೂ ಒಂದು ದೊಡ್ಡ ಹೆಸರನ್ನೂ ಇಟ್ಟುಕೊಂಡು ಕುಳಿತಿರುವ ಊರು. ಇಂಥ ಊರಿನಲ್ಲಿ ಕಾಲೇಜಿನ ಕನ್ನಡ ಅಧ್ಯಾಪಕನೆಂದರೆ ಲಗ್ನಪತ್ರಿಕೆ ತಿದ್ದುವವನು, ಸತ್ಕಾರಸಮಾರಂಭದ ಮಾನಪತ್ರ ಬರೆಯುವವನು, ಕೂಸಿಗೆ ಹೆಸರು ಹುಡುಕಿಕೊಡುವವನು. ಈ ಪಟ್ಟಿಗೆ ಈಚೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ: ಟಿ.ವಿ.ಯಲ್ಲಿ ಹತ್ತದ ವಿಡಿಯೋಗಳನ್ನು ಹತ್ತಿಸಿಕೊಡುವುದು. ‘ಕನ್ನಡ ಕಲಿಸುವವನಿಗೂ ಇದಕ್ಕೂ ಏನು ಸಂಬಂಧ?’ ಎಂದು ಸಹೋದ್ಯೋಗಿಗಳು ನಗುತ್ತಾರೆ. ಸಂಬಂಧ ಉಂಟು. ಇದು ಯಂತ್ರದ ಪ್ರಶ್ನೆ ಎನ್ನುವುದಕ್ಕಿಂತ ಲಿಪಿ-ಭಾಷೆಗಳ ಪ್ರಶ್ನೆ ಎನ್ನುವುದೇ ಹೆಚ್ಚು ಸರಿ.

ಮೊದಲು ಈ ಲಕೋಟೆಯ ಸಂಗತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಫೈಲಿನ ಹೆಸರಿನ ಬಾಲದಲ್ಲಿ ಎಂಪಿ4, ಎಂಕೆವಿ, ಎವಿಐ, ಎಂಓವಿ ಎಂದೆಲ್ಲ ಇರುತ್ತದಲ್ಲ, ಅವು ಕೇವಲ ಲಕೋಟೆಯ ಹೆಸರುಗಳು. ಒಳಗೆ ಕಡಮೆಯೆಂದರೆ ಎರಡು ಕಾಗದಗಳಿರುತ್ತವೆ: ಒಂದು ಚಿತ್ರದ್ದು, ಇನ್ನೊಂದು ಧ್ವನಿಯದು. ಒಂದೊಂದನ್ನೂ ಒಂದೊಂದು ಶೀಘ್ರಲಿಪಿಯಲ್ಲಿ ಬರೆದಿರುತ್ತದೆ. ಈ ಶೀಘ್ರಲಿಪಿಗೆ ಕೋಡೆಕ್ ಎಂದು ಹೆಸರು. ಶೀಘ್ರಲಿಪಿ ಏಕೆ ಬೇಕೆಂದರೆ, ಈಗಿನ ಸಾಧಾರಣ ಟಿ.ವಿ.ಯ ತೆರೆ ತುಂಬುವ ಚಿತ್ರವನ್ನು ಚುಕ್ಕೆ ಬಿಡದೆ ಬರೆದಿಟ್ಟರೆ ಒಂದು ಗಂಟೆಯ ನೋಟಕ್ಕೆ ಸುಮಾರು 560 ಜಿ.ಬಿ. ಜಾಗ ಬೇಕಾಗುತ್ತದೆ. ನಮ್ಮ ಪೆನ್‌ಡ್ರೈವುಗಳ ಯೋಗ್ಯತೆ 32 ಅಥವಾ 64. ಆದ್ದರಿಂದ ಕುಗ್ಗಿಸಿ ಬರೆಯಲೇಬೇಕು. ಕುಗ್ಗಿಸುವ ವಿದ್ಯೆ ಕಾಲಕಾಲಕ್ಕೆ ಬೆಳೆಯುತ್ತ ಬಂದಿದೆ. 2003ರಲ್ಲಿ ಎಚ್.264 ಎಂಬ ಪದ್ಧತಿ ಬಂತು. 2013ರಲ್ಲಿ, ಹೆಚ್ಚುಕಡಮೆ ಅದರ ಅರ್ಧದಷ್ಟು ಜಾಗದಲ್ಲಿ ಅದೇ ಅಂದದ ಚಿತ್ರವನ್ನು ಅಡಗಿಸಬಲ್ಲ ಎಚ್‌ಇವಿಸಿ ಬಂತು. 2018ರಲ್ಲಿ ಎವಿ1 ಬಂತು. ಲಕೋಟೆ ಮಾತ್ರ ಹಳೆಯದೇ ಇರಬಹುದು. ಹೊರಗೆ ನೋಡಿದರೆ ಎರಡೂ ಎಂಪಿ4. ಒಳಗೆ ತೆರೆದರೆ ಒಂದು ಸಂಸ್ಕೃತ, ಇನ್ನೊಂದು ಪಾರಸಿ. ಫೈಲಿನ ಬಾಲವನ್ನು ಅಳಿಸಿ ಬೇರೆ ಬಾಲ ಬರೆದರೆ ಟಿ.ವಿ. ಮೋಸಹೋಗುವುದೆಂದು ನಂಬಿದ ಮಿತ್ರರು ನನಗಿದ್ದಾರೆ. ‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆಯನ್ನು ಅವರಿಗೆ ನೆನಪು ಮಾಡಿಕೊಡಬೇಕಾಗುತ್ತದೆ.

ಹಾಗಾದರೆ ಅದೇ ಫೈಲು ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುವುದೇಕೆ? ಟಿ.ವಿ.ಯ ಒಳಗಿರುವ ಚಿಪ್ಪು ಗೈಡು ಓದಿ ಪಾಸಾದ ವಿದ್ಯಾರ್ಥಿಯಂತೆ. ಕಾರಖಾನೆಯಲ್ಲಿ ಅದಕ್ಕೆ ಯಾವ ಶೀಘ್ರಲಿಪಿಗಳನ್ನು ಬಾಯಿಪಾಠ ಮಾಡಿಸಿದರೋ ಅವನ್ನು ತಡವರಿಸದೆ ಒಪ್ಪಿಸುತ್ತದೆ. ಪಠ್ಯದಾಚೆಗಿನ ಒಂದು ಪ್ರಶ್ನೆ ಕೇಳಿದರೆ ಕೈಚೆಲ್ಲುತ್ತದೆ. ಕಂಪ್ಯೂಟರಿಗೆ ಹೊಸದನ್ನು ಕಲಿಯುವ ಶಕ್ತಿಯಿದೆ. ಹೊಸ ಪ್ರೋಗ್ರಾಮು ಹಾಕಿದರೆ ಹೊಸ ಲಿಪಿಯನ್ನೂ ಓದುತ್ತದೆ. ಇದರ ಮೇಲೆ ಹಣದ ವಿಷಯವೂ ಇದೆ. ಕೆಲವು ಪದ್ಧತಿಗಳಿಗೆ ಒಡೆಯರಿದ್ದಾರೆ, ಟಿ.ವಿ. ತಯಾರಿಸುವವರು ಅವರಿಗೆ ಕಾಣಿಕೆ ಸಲ್ಲಿಸಬೇಕು. ಡಿ.ಟಿ.ಎಸ್. ಎಂಬ ಧ್ವನಿಪದ್ಧತಿಯನ್ನು 2018ರ ಸುಮಾರಿಗೆ ದೊಡ್ಡದೊಂದು ಕಂಪನಿ ತನ್ನ ಹೊಸ ಟಿ.ವಿ.ಗಳಿಂದ ಕೈಬಿಟ್ಟಿತು. ಹೀಗಾಗಿ ಹಳೆಯ ಟಿ.ವಿ.ಗೆ ಬರುತ್ತಿದ್ದ ವಿದ್ಯೆ ಹೊಸದಕ್ಕೆ ಬಾರದೆ ಹೋಗುವ ಚಮತ್ಕಾರವೂ ಉಂಟು. ತಂದೆಗೆ ಬರುತ್ತಿದ್ದ ವಿದ್ಯೆ ಮಗನಿಗೆ ಬಾರದ ಮನೆಗಳನ್ನು ಕಂಡವರಿಗೆ ಇದೇನೂ ಆಶ್ಚರ್ಯವಲ್ಲ.

ನನ್ನ ಬಳಿಗೆ ಬರುವ ರೋಗಿಗಳೆಲ್ಲ ಒಂದೇ ಬಗೆಯವರಲ್ಲ. 2024ರ ಅಕ್ಟೋಬರ್ 23ರಿಂದ ಮೂರು ದಿನ ನಮ್ಮೂರಲ್ಲಿ ಉತ್ಸವ. ಚೆನ್ನಮ್ಮನ ಸೈನ್ಯ ಥ್ಯಾಕರೆಯನ್ನು ಸೋಲಿಸಿದ 1824ರ ವಿಜಯಕ್ಕೆ ಆ ವರ್ಷ ಸರಿಯಾಗಿ 200 ತುಂಬಿತ್ತು. ಮೆರವಣಿಗೆ ಹೊರಟಾಗ ನೋಡುವವರಿಗಿಂತ ಮೊಬೈಲು ಎತ್ತಿ ಹಿಡಿದವರೇ ಹೆಚ್ಚು. ಮೂರನೆಯ ದಿನ ನೆರೆಮನೆಯ ಹಿರಿಯರೊಬ್ಬರು ಬಂದರು. “ಸರ್ರ, ಮಮ್ಮಗಳು ಕುಣದದ್ದು ಮೊಬೈಲದಾಗ ಛಂದ ಕಾಣತೈತಿ. ಟಿ.ವ್ಯಾಗ ಹಾಕಿದ್ರ ಬರೇ ಮಾತ ಕೇಳತಾವ, ತೆರೀ ಕರ್ರಗ.” ಅವರ ಟಿ.ವಿ. ಸುಮಾರು ಹತ್ತು ವರ್ಷದ್ದು. ಮೊಬೈಲು ಆ ವರ್ಷದ್ದು. ಮೊಬೈಲು ಜಾಗ ಉಳಿಸುವ ಚಟಕ್ಕೆ ಬಿದ್ದು ಎಚ್‌ಇವಿಸಿಯಲ್ಲಿ ಬರೆದಿತ್ತು, ಟಿ.ವಿ. ಎಚ್.264ರಲ್ಲೇ ವಿದ್ಯಾಭ್ಯಾಸ ಮುಗಿಸಿತ್ತು. ಫೈಲಿನ ಪ್ರತಿಯೊಂದನ್ನು ಹಳೆಯ ಪದ್ಧತಿಗೆ ತಿರುಗಿಸಿದೆವು. ಮೊಬೈಲಿನ ಕ್ಯಾಮೆರಾದಲ್ಲಿ ಇದಕ್ಕೆಂದೇ ಇರುವ ಗುಂಡಿಯನ್ನು ಬದಲಿಸಿಕೊಟ್ಟೆವು. ಮಮ್ಮಗಳು ತೆರೆಯ ಮೇಲೆ ಕುಣಿದಳು.

ಇನ್ನೊಬ್ಬರದು ಮಗಳ ಮದುವೆಯ ಚಿತ್ರ. ಫೈಲು 9 ಜಿ.ಬಿ.; ಪೆನ್‌ಡ್ರೈವ್ 32 ಜಿ.ಬಿ., ಅದೂ ಖಾಲಿ. ಆದರೂ ಕಂಪ್ಯೂಟರು ‘ಹಿಡಿಸದು’ ಎನ್ನುತ್ತದೆ. “ಇದೇನ ಲೆಕ್ಕಾರೀ?” ಎಂದು ಅವರು, ಗಣಿತದ ನಿವೃತ್ತ ಶಿಕ್ಷಕರು, ನನ್ನನ್ನು ಕೇಳಿದರು. ಉಗ್ರಾಣ ದೊಡ್ಡದಾಗಿದ್ದರೂ ಬಾಗಿಲು ಕಿರಿದಾದರೆ ದೊಡ್ಡ ಮೂಟೆ ಒಳಗೆ ಹೋಗುವುದಿಲ್ಲವಲ್ಲ, ಹಾಗೆ. ಪೆನ್‌ಡ್ರೈವಿನ ಒಳಗೆ ಸರಕು ಜೋಡಿಸುವುದಕ್ಕೂ ಒಂದು ಪದ್ಧತಿಯಿದೆ. ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಒಂದೊಂದು ಫೈಲೂ 4 ಜಿ.ಬಿ.ಯ ಒಳಗೇ ಇರಬೇಕು. ಎಕ್ಸ್‌ಫ್ಯಾಟ್ ಎಂಬ ಪದ್ಧತಿಗೆ ಈ ಕಟ್ಟಿಲ್ಲ. ಆದರೆ ಹಳೆಯ ಟಿ.ವಿ.ಗಳಲ್ಲಿ ಕೆಲವಕ್ಕೆ ಎಕ್ಸ್‌ಫ್ಯಾಟ್ ಎಂದರೆ ಯಾರೆಂದೇ ಗೊತ್ತಿಲ್ಲ. ಪೆನ್‌ಡ್ರೈವ್ ಹಾಕಿದ್ದೇ ಅವಕ್ಕೆ ಕಾಣುವುದಿಲ್ಲ. ಇವರ ಟಿ.ವಿ.ಯೂ ಆ ಜಾತಿಯದೇ. ಕಡೆಗೆ ಎನ್‌ಟಿಎಫ್‌ಎಸ್ ಎಂಬ ಮೂರನೆಯದು ಇಬ್ಬರಿಗೂ ಒಪ್ಪಿಗೆಯಾಯಿತು. ಬೀಗರ ನಡುವೆ ಮಾತುಕತೆ ಕುದುರಿಸಿದಷ್ಟೇ ಹೊತ್ತು ಹಿಡಿಯಿತು. ಓದುಗರಿಗೆ ಒಂದು ಎಚ್ಚರಿಕೆ: ಈ ಪದ್ಧತಿ ಬದಲಿಸುವಾಗ ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ಎಲ್ಲವನ್ನೂ ಬೇರೆಡೆ ಇಳಿಸಿಕೊಳ್ಳಬೇಕು.

ಕನ್ನಡದ ಸಂಕಟ ಒಂದು ಬೇರೆಯೇ ಇದೆ. ಕಾಲೇಜಿನ ಹುಡುಗರು ಕೋಟೆಯನ್ನು ಕುರಿತು ಒಂದು ಸಣ್ಣ ಚಿತ್ರ ತೆಗೆದು, ಕೆಳಗೆ ಕನ್ನಡ ಸಾಲುಗಳನ್ನು ಹೊಂದಿಸಿದ್ದರು. ಟಿ.ವಿ.ಯ ಮೇಲೆ ಆ ಸಾಲುಗಳು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಮೂಡಿದವು. ಸಾಲುಗಳನ್ನು ಹಳೆಯ ಬಗೆಯ ಫಾಂಟಿನಲ್ಲಿ ಟೈಪು ಮಾಡಿದ್ದರು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಮನೆಯಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ಫಾಂಟು ಇಲ್ಲದ ಕಡೆ ಬಾಗಿಲು ತೆರೆದರೆ ಮನೆಯ ಮಾಲಿಕನೇ ಹೊರಗೆ ಬರುತ್ತಾನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಉಂಟು. ಆ ಸಾಲುಗಳನ್ನು ಯೂನಿಕೋಡಿಗೆ ತಂದು, ಯುಟಿಎಫ್-8 ಎಂಬ ಬಗೆಯಲ್ಲಿ ಉಳಿಸಿದ ಮೇಲೆ ಒಂದು ಟಿ.ವಿ.ಯಲ್ಲಿ ಕನ್ನಡ ಬಂತು. ಇನ್ನೊಂದರಲ್ಲಿ ಬರಿಯ ಚೌಕಗಳು ಬಂದವು. ಆ ಟಿ.ವಿ.ಯನ್ನು ಮಾಡಿದವರು ಅದರೊಳಗೆ ಕನ್ನಡದ ಅಕ್ಷರಗಳನ್ನೇ ಇಟ್ಟಿರಲಿಲ್ಲ. ಬೇರೆ ದಾರಿ ಕಾಣದೆ ಹುಡುಗರು ಸಾಲುಗಳನ್ನು ಚಿತ್ರದ ಮೈಮೇಲೆಯೇ ಅಚ್ಚೊತ್ತಿಬಿಟ್ಟರು. ಹಚ್ಚೆಯನ್ನು ಯಾರೂ ಓದಲು ನಿರಾಕರಿಸುವಂತಿಲ್ಲ.

ಇವೆಲ್ಲ ನಗೆಯಲ್ಲಿ ಮುಗಿದ ಪ್ರಕರಣಗಳು. ಹಾಗೆ ಮುಗಿಯದೆ ಹೋಗಬಹುದಾಗಿದ್ದ ಒಂದನ್ನು ಹೇಳುವುದಕ್ಕಾಗಿಯೇ ನಾನು ಲೇಖನಿ ಹಿಡಿದದ್ದು.

ಓಣಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಆಯಿಯೊಬ್ಬರಿದ್ದಾರೆ. ಅವರ ಯಜಮಾನರು ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಭಾಗವತರಾಗಿದ್ದವರು. ಪಾರಿಜಾತವೆಂದರೆ ಈ ಸೀಮೆಯ ಜೀವ. ಕುಲಗೋಡ ತಮ್ಮಣ್ಣನ ಹೆಸರು, ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಹಳಬರು ಈಗಲೂ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಭಾಗವತನೂ ದೂತಿಯೂ ಬೆಳತನಕ ವಾದ ಮಾಡುತ್ತಿದ್ದರೆ ಚಳಿಯೇ ತಿಳಿಯುತ್ತಿರಲಿಲ್ಲ. ಆಯಿಯ ಯಜಮಾನರ ಹಾಡಿಕೆಯನ್ನು 1998ರ ಜಾತ್ರೆಯಲ್ಲಿ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅವರು ತೀರಿಹೋಗಿ ಬಹಳ ವರ್ಷಗಳಾದವು. ಕ್ಯಾಸೆಟ್ಟು ಮಾಡದಲ್ಲಿ ಕುಳಿತು, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತಿತ್ತು. ದೊಡ್ಡ ಮೊಮ್ಮಗ ಅದನ್ನು ನಗರದ ಅಂಗಡಿಯೊಂದಕ್ಕೆ ಒಯ್ದು ಫೈಲಿಗೆ ಇಳಿಸಿಸಿ, ಪೆನ್‌ಡ್ರೈವಿನಲ್ಲಿ ತಂದುಕೊಟ್ಟ. ಕ್ಯಾಸೆಟ್ಟಿನ ಪಟ್ಟಿ ಆ ಕೆಲಸದಲ್ಲೇ ತುಂಡಾಗಿ ಮುಗಿದುಹೋಯಿತು. ದೀಪಾವಳಿಗೆ ಮನೆಗೆ ಹೊಸ ಟಿ.ವಿ.ಯೂ ಬಂತು.

ಆಯಿ ತಾವೇ ಬಡಿಗೆ ಊರಿಕೊಂಡು ನಮ್ಮ ಮನೆಗೆ ಬಂದರು. “ಮಾಸ್ತರ, ಅವರ ಬಾಯಿ ಆಡೂದು ಕಾಣತೈತಿ, ಧ್ವನಿ ಕೇಳವಲ್ದು. ನನ್ನ ಕಿವಿ ಪೂರಾ ಹೋದುವೇನ ನೋಡ್ರಿ” ಎಂದರು. ಅವರು ಟಿ.ವಿ.ಯನ್ನು ದೂರಲಿಲ್ಲ, ಫೈಲನ್ನೂ ದೂರಲಿಲ್ಲ. ತಮ್ಮ ಕಿವಿಯನ್ನು ದೂರಿಕೊಂಡರು. ಅವರನ್ನು ಕೈಹಿಡಿದು ಕರೆದುಕೊಂಡು ಹೋದಾಗ, ಪಿ.ಯು.ಸಿ. ಓದುವ ಕಿರಿಯ ಮೊಮ್ಮಗ ಪೆನ್‌ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. “ಫೈಲ ಕರಪ್ಟ್ ಆಗೈತ್ರಿ ಕಾಕಾ. ಟಿ.ವಿ. ಅಂಗಡಿಯವರೂ ಹಂಗ ಅಂದ್ರು. ಅಳಿಸಿ ಬ್ಯಾರೇ ಹಾಡ ತುಂಬಕೊಂಡ ಬರತೇನಿ.” ಹುಡುಗ ಕೆಟ್ಟವನಲ್ಲ, ಅಜ್ಜಿಯ ಬೇಸರ ಕಳೆಯಲು ಹೊಸ ಹಾಡು ತರುವ ಆತುರ ಅವನಿಗೆ. ಕ್ಯಾಸೆಟ್ಟು ಹೋಗಿತ್ತು. ಇಳಿಸಿಕೊಟ್ಟ ಅಂಗಡಿಯವರು ತಮ್ಮಲ್ಲಿದ್ದ ಪ್ರತಿಯನ್ನು ತಿಂಗಳಾದ ಮೇಲೆ ಅಳಿಸಿಬಿಟ್ಟಿದ್ದರು. ಲೋಕದಲ್ಲಿ ಆ ಭಾಗವತರ ಧ್ವನಿ ಉಳಿದಿದ್ದರೆ ಅದು ಈ ಹುಡುಗನ ಅಂಗಿಯ ಜೇಬಿನಲ್ಲಿ, ಹೆಬ್ಬೆರಳಿನಷ್ಟು ಉದ್ದದ ಒಂದು ತುಂಡಿನಲ್ಲಿ.

ನಮ್ಮ ಕಾಲೇಜಿನಲ್ಲಿ ಬಿ.ಸಿ.ಎ. ಓದುವ ಶಿಷ್ಯನೊಬ್ಬನನ್ನು ಕರೆಸಿದೆ. ಅವನು ಮೊದಲು ಮಾಡಿದ ಕೆಲಸವೆಂದರೆ ಫೈಲಿನ ಒಂದು ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದು. ಆಮೇಲೆ ವಿಎಲ್‌ಸಿ ಎಂಬ ಪ್ರೋಗ್ರಾಮಿನಲ್ಲಿ ಅದನ್ನು ತೆರೆದ. ಈ ವಿಎಲ್‌ಸಿಯದೂ ಒಂದು ಕಥೆ. 1996ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ವಸತಿಗೃಹದಲ್ಲಿ ವಿಡಿಯೋ ನೋಡಲೆಂದು ಹೂಡಿದ ಕೆಲಸ. 2001ರಿಂದ ಲೋಕಕ್ಕೆಲ್ಲ ಪುಕ್ಕಟೆಯಾಗಿ ದೊರೆಯುವಂತೆ ಬಿಟ್ಟರು. ರಸ್ತೆಯ ಮೇಲೆ ಇಡುವ ಕಿತ್ತಳೆ ಬಣ್ಣದ ಶಂಕು ಅದರ ಗುರುತು. ಅದು ಓದಲಾರದ ಲಿಪಿ ವಿರಳ. ಶಿಷ್ಯ ಗುಂಡಿಯೊತ್ತಿದ, ಹಾರ್ಮೋನಿಯಮ್ಮಿನ ಸ್ವರ ಎದ್ದಿತು. ಫೈಲು ಸುಖವಾಗಿತ್ತು.

ಹಾಗಾದರೆ ಟಿ.ವಿ.ಯಲ್ಲಿ ಮೌನವೇಕೆ? ಅದೇ ಪ್ರೋಗ್ರಾಮಿನಲ್ಲಿ ಕೋಡೆಕ್ ಮಾಹಿತಿ ಎಂಬ ಜಾಗ ತೆರೆದು ನೋಡಿದಾಗ ಗುಟ್ಟು ಹೊರಬಿತ್ತು. ಚಿತ್ರದ ಕಾಗದ ಎಚ್.264ರಲ್ಲಿತ್ತು, ಅದು ಟಿ.ವಿ.ಗೆ ಬರುತ್ತಿತ್ತು. ಧ್ವನಿಯ ಕಾಗದ ಮಾತ್ರ ಪಿಸಿಎಂ ಎಂಬ ಬಗೆಯದು. ಸ್ವಾರಸ್ಯ ಇರುವುದು ಇಲ್ಲಿಯೇ. ಪಿಸಿಎಂ ಎಂದರೆ ಕುಗ್ಗಿಸದ, ಅದುಮದ, ಇದ್ದದ್ದು ಇದ್ದಂತೆ ಬರೆದಿಟ್ಟ ಧ್ವನಿ. ಗಂಟೆಗೆ ಸುಮಾರು 690 ಎಂ.ಬಿ. ತೆಗೆದುಕೊಳ್ಳುತ್ತದೆ. ಅಂಗಡಿಯವರು ಧ್ವನಿ ಕೆಡಬಾರದೆಂಬ ಕಾಳಜಿಯಿಂದಲೇ ಹಾಗೆ ಇಟ್ಟಿರಬೇಕು. ಆದರೆ ಎಂಓವಿ ಲಕೋಟೆಯಲ್ಲಿ ಇಂಥ ಧ್ವನಿ ಬಂದರೆ ಎಷ್ಟೋ ಟಿ.ವಿ.ಗಳು ಅದನ್ನು ಗುರುತಿಸುವುದಿಲ್ಲ. ಶೀಘ್ರಲಿಪಿಯನ್ನಷ್ಟೇ ಕಲಿತ ಗುಮಾಸ್ತನ ಮುಂದೆ ಬಿಡಿಸಿ ಬರೆದ ಶುದ್ಧ ಕನ್ನಡವನ್ನು ಇಟ್ಟಂತೆ!

ಔಷಧ ಸರಳ. 2000ದಲ್ಲಿ ಹುಟ್ಟಿದ, ಇದೂ ಪುಕ್ಕಟೆಯ, ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮಿನಿಂದ ಹುಡುಗ ಚಿತ್ರಕ್ಕೆ ಕೈಹಚ್ಚದೆ ಅದನ್ನು ಹಾಗೆಯೇ ಹೊಸ ಎಂಪಿ4 ಲಕೋಟೆಗೆ ಸೇರಿಸಿ, ಧ್ವನಿಯನ್ನಷ್ಟೇ ಎಎಸಿ ಎಂಬ ಎಲ್ಲ ಟಿ.ವಿ.ಗಳಿಗೂ ರೂಢಿಯಾದ ಪದ್ಧತಿಗೆ ತಿರುಗಿಸಿದ. ಚಿತ್ರವನ್ನೂ ಹೊಸದಾಗಿ ಬರೆಸಬಹುದಿತ್ತು. ಆದರೆ ಹಾಗೆ ಬರೆಸಿದ ಪ್ರತಿ ಸಲವೂ ಅದು ಚೂರು ಮಸುಕಾಗುತ್ತದೆ, ನಕಲಿನ ನಕಲಿನಂತೆ. ತಟ್ಟೆಯಲ್ಲಿ ಸುರಿದ ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು.

ಟಿ.ವಿ.ಯ ಮುಂದೆ ಆಯಿಯನ್ನು ಕೂಡ್ರಿಸಿದೆವು. ಭಾಗವತರು ತಲೆಗೆ ರುಮಾಲು ಸುತ್ತಿಕೊಂಡು, ಕೈಯಲ್ಲಿ ತಾಳ ಹಿಡಿದು ಮುಂದೆ ಬಂದು ದನಿಯೆತ್ತಿದರು. ಮನೆ ತುಂಬಿತು. ಆಯಿ ಅಳಬಹುದೆಂದು ಸೊಸೆ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಆಯಿ ಅಳಲಿಲ್ಲ. ಕಿವಿಗೆ ಕೈಹಚ್ಚಿ ಐದು ನಿಮಿಷ ಕೇಳಿ, “ನೋಡ್ರಿ, ಇಲ್ಲೆ ತಾಳ ತಪ್ಪ್ಯಾರ. ಅವತ್ತ ನೆಗಡಿ ಆಗಿತ್ತ ಅವರಿಗೆ. ಹೋಗಬ್ಯಾಡ್ರಿ ಅಂದ್ರ ಕೇಳಲಿಲ್ಲ” ಎಂದರು. ಕಿವಿ ಎಷ್ಟು ಚುರುಕಾಗಿದೆಯೆಂಬುದು ಎಲ್ಲರಿಗೂ ತಿಳಿಯಿತು. ಆಮೇಲೆ ಅವರು ಯಾರೊಡನೆಯೂ ಮಾತಾಡಲಿಲ್ಲ. ನಾವು ಮೆಲ್ಲಗೆ ಎದ್ದು ಬಂದೆವು.

ಈ ಪ್ರಕರಣವಾದ ಮೇಲೆ ನನಗೆ ಮೋಡಿ ಕಾಗದಗಳ ನೆನಪಾಗುತ್ತಿದೆ. ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಇಲ್ಲಿಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇನ್ನೂ ಸಿಗುತ್ತವೆ. ಮರಾಠಿಯಷ್ಟೇ ಅಲ್ಲ, ಕನ್ನಡವನ್ನೂ ಆ ಲಿಪಿಯಲ್ಲಿ ಬರೆದದ್ದುಂಟು. ಓದುವವರು ಇಲ್ಲವಾದರು. ಓದಲು ಬಾರದ ಮಕ್ಕಳು ಅವನ್ನು ರದ್ದಿ ಎಂದರು. ಎಷ್ಟೋ ಮನೆಗಳಲ್ಲಿ ಅವು ಬಚ್ಚಲೊಲೆ ಸೇರಿದವು. ನಮ್ಮ ಅಜ್ಜನ ರುಮಾಲು ಗಂಟಿನಲ್ಲಿ ಉಳಿದ ನಾಲ್ಕು ಹಾಳೆಗಳನ್ನು ಬಲ್ಲವರೊಬ್ಬರು ಓದಿಕೊಟ್ಟಾಗ, ಒಂದರಲ್ಲಿ ಹೊಲದ ಬಾಂದು ಕಲ್ಲಿನ ವಿವರವೂ, ಇನ್ನೊಂದರಲ್ಲಿ ತಂಗಿಯ ಬಾಣಂತನಕ್ಕೆ ತುಪ್ಪ ಕಳಿಸಿದ ಸುದ್ದಿಯೂ ಇತ್ತು. ನೂರು ವರ್ಷದ ಹಿಂದಿನ ತುಪ್ಪ! ಕಾಗದ ಕೆಟ್ಟಿರಲಿಲ್ಲ. ಓದುವ ಕಣ್ಣು ಮಾತ್ರ ಮನೆಯಲ್ಲಿ ಇರಲಿಲ್ಲ.

ಈಗಿನ ಮಧ್ಯಮವರ್ಗದ ಮನೆಯ ಟ್ರಂಕು ಎಂದರೆ ಪೆನ್‌ಡ್ರೈವು. ಮದುವೆ, ಜವಳ, ತೀರಿಹೋದವರ ನಗೆ, ಕೂಸಿನ ಮೊದಲ ಹೆಜ್ಜೆ ಎಲ್ಲವೂ ಅದರಲ್ಲಿ. ಆದ್ದರಿಂದ ಮೇಷ್ಟರ ಚಟದಂತೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಟಿ.ವಿ. ‘ಫೈಲು ಸರಿಯಿಲ್ಲ’ ಎಂದರೆ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲಿ ಓಡಿದರೆ ಫೈಲಿಗೆ ಏನೂ ಆಗಿಲ್ಲ, ಟಿ.ವಿ.ಗೆ ಆ ಭಾಷೆ ಬಾರದು, ಅಷ್ಟೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯ ಕಾಗದವನ್ನೂ, ಧ್ವನಿ ಬಂದು ಚಿತ್ರ ಬಾರದಿದ್ದರೆ ಚಿತ್ರದ ಕಾಗದವನ್ನೂ ವಿಚಾರಿಸಿ. ಟಿ.ವಿ.ಗೆಂದೇ ಇರುವ ವಿಎಲ್‌ಸಿಯಂಥ ಪ್ರೋಗ್ರಾಮನ್ನು ಹಾಕಿಕೊಂಡರೆ ಕೆಲವು ಸಲ ಬೇರೇನೂ ಬೇಕಾಗುವುದಿಲ್ಲ. ಬದಲಿಸುವುದಾದರೆ ಪ್ರತಿಯನ್ನು ಬದಲಿಸಿ; ಮೂಲವನ್ನು ಮುಟ್ಟದೆ ಎರಡು ಕಡೆ ಇಡಿ. ಇಂದಿನ ಟಿ.ವಿ. ಓದಲಾರದ್ದನ್ನು ನಾಳಿನದು ಓದೀತು. ಮೂಲವನ್ನೇ ಅಳಿಸಿದ ಮೇಲೆ ಯಾವ ಜಾಣನಿಂದಲೂ ಏನೂ ಆಗದು.

ಆಯಿಯ ಮನೆಯ ಫೈಲಿನ ಒಂದು ಪ್ರತಿ ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಇನ್ನೊಂದು ಬೆಂಗಳೂರಿನಲ್ಲಿ ದೊಡ್ಡ ಮೊಮ್ಮಗನ ಬಳಿ. ಮೂಲದ ಪೆನ್‌ಡ್ರೈವನ್ನು ಆಯಿ ಒಂದು ಸಣ್ಣ ಹಿತ್ತಾಳೆಯ ಡಬ್ಬಿಯಲ್ಲಿ ಹಾಕಿ, ಬೀಗ ಜಡಿದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಾರೆ. ಕಿರಿಯ ಮೊಮ್ಮಗ ಈಗ ಸಂಜೆ ಹೊತ್ತು ಅಜ್ಜಿಯ ಪಕ್ಕದಲ್ಲಿ ಕುಳಿತು, ಅಜ್ಜ ಎಲ್ಲೆಲ್ಲಿ ತಾಳ ತಪ್ಪಿದರೆಂದು ಕೇಳಿ ಕಲಿಯುತ್ತಿದ್ದಾನಂತೆ.